ಮೊಣಕಾಲು ಆಪರೇಷನ್‌ಗೆ ಮೊದಲು ಕಾಲಿನ ಅಳತೆ: ನಿಂತು ಒಂದು ಚಿತ್ರ, ಮಲಗಿ ಒಂದು ಚಿತ್ರ

ಅಥಣಿ, ಜಮಖಂಡಿ, ಸಿಂದಗಿ ಕಡೆಯಿಂದ ಮೊಣಕಾಲು ಆಪರೇಷನ್‌ಗೆಂದು ಬೆಳಗಾವಿಗೋ ವಿಜಯಪುರಕ್ಕೋ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಎಕ್ಸ್‌ರೇ ಇರುತ್ತವೆ. ಮೊಣಕಾಲಿನ ಮುಂದಿನಿಂದ ಒಂದು, ಪಕ್ಕದಿಂದ ಒಂದು. ಕೀಲು ಎಷ್ಟು ಸವೆದಿದೆ ಎಂದು ತಿಳಿಯಲು ಅವು ಸಾಕು. ಕಾಲು ಎಷ್ಟು ಡೊಂಕಾಗಿದೆ, ಯಾವ ಎಲುಬಿನಲ್ಲಿ ಡೊಂಕಾಗಿದೆ ಎಂದು ಅಳೆಯಲು ಸಾಲುವುದಿಲ್ಲ. ಅದಕ್ಕೆ ಸೊಂಟದ ಕೀಲಿನಿಂದ ಪಾದದ ಹರಡಿನವರೆಗೆ ಇಡೀ ಕಾಲು ಕಾಣಬೇಕು. ಡಾಕ್ಟರು ಚೀಟಿಯಲ್ಲಿ ಸ್ಕ್ಯಾನೋಗ್ರಾಮ್ (ಇಡೀ ಕಾಲಿನ ಎಕ್ಸ್‌ರೇ), ಸಿಟಿ (ಮಲಗಿಸಿ ಅಡ್ಡಡ್ಡ ಹೋಳಿನಂಥ ಚಿತ್ರ ತೆಗೆಯುವ ಸ್ಕ್ಯಾನ್) ಎಂದು ಬರೆಯುವುದು ಇದಕ್ಕೇ.

ನಾನು ಎಕ್ಸ್‌ರೇ, ಸಿಟಿ ಕೋಣೆಯಲ್ಲಿ ಕೆಲಸ ಮಾಡುವವನು. ಈಗೀಗ ಬಹಳ ಜನ ಬಂದವರೇ "ತ್ರೀಡಿ ಸ್ಕ್ಯಾನ್ ಮಾಡ್ರಿ, ಎಕ್ಸ್‌ರೇ ಬ್ಯಾಡ" ಎನ್ನುತ್ತಾರೆ. ತ್ರೀಡಿ ಚಿತ್ರ ನಿಜಕ್ಕೂ ದೊಡ್ಡ ಉಪಕಾರಿ. ಆದರೆ ಸಿಟಿಯ ತ್ರೀಡಿ ಚಿತ್ರ ಮಲಗಿದ ಕಾಲಿನದು. ಮೈಭಾರ ಬೀಳುವುದು ನಿಂತ ಕಾಲಿನ ಮೇಲೆ. ಒಂದೇ ಕಾಲು ಮಲಗಿದಾಗ ಒಂದು ಅಳತೆ ಕೊಡುತ್ತದೆ, ನಿಂತಾಗ ಇನ್ನೊಂದು. ಆ ವ್ಯತ್ಯಾಸದಲ್ಲಿ ಡಾಕ್ಟರಿಗೆ ಬೇಕಾದ ಬಹಳ ವಿಷಯ ಇರುತ್ತದೆ. ಹಾಗಾಗಿ ರೋಗಿಯ ಜೊತೆ ಬರುವ ಮಗ, ಮಗಳು, ಸೊಸೆ ಇದನ್ನು ಒಮ್ಮೆ ಓದಿಕೊಂಡು ಬಂದರೆ ಒಳ್ಳೆಯದು.

ಅಳೆಯುವುದು ಏನನ್ನು?

ತೊಡೆ ಎಲುಬಿನ ಮೇಲ್ತುದಿಯಲ್ಲಿ ಒಂದು ಗುಂಡು ಇದೆ. ಅದರ ನಡುವಿನಿಂದ ಹರಡಿನ ಕೀಲಿನ ನಡುವಿಗೆ ಒಂದು ನೇರ ಗೆರೆ ಎಳೆಯುತ್ತಾರೆ. ಗೋಡೆ ನೆಟ್ಟಗಿದೆಯೋ ಎಂದು ಗೌಂಡಿ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡುತ್ತಾನಲ್ಲ, ಹಾಗೆ. ಇದು ಭಾರ ಇಳಿಯುವ ಗೆರೆ. ಸರಿಯಾದ ಕಾಲಿನಲ್ಲಿ ಅದು ಮೊಣಕಾಲಿನ ನಡುವಿನಿಂದ ಕೆಲವೇ ಮಿಲಿಮೀಟರ್ ಒಳಬದಿಗೆ ಹಾದು ಹೋಗುತ್ತದೆ. ಗೆರೆ ತೀರಾ ಒಳಬದಿಗೆ ಬಿದ್ದರೆ ಕಾಲು ಬಿಲ್ಲಿನಂತೆ ಹೊರಗೆ ಬಾಗಿದೆ ಎಂದರ್ಥ. ಆಸ್ಪತ್ರೆಯಲ್ಲಿ ಇದನ್ನು ವೇರಸ್ ಎನ್ನುತ್ತಾರೆ. ಹೊರಬದಿಗೆ ಬಿದ್ದರೆ ಮೊಣಕಾಲುಗಳು ಒಂದಕ್ಕೊಂದು ತಾಗುವ ಕಾಲು, ಅದು ವ್ಯಾಲ್ಗಸ್. ನಮ್ಮ ಕಡೆ ವಯಸ್ಸಾದವರಲ್ಲಿ ಹೆಚ್ಚು ಕಾಣುವುದು ವೇರಸ್.

ಸೊಂಟ, ಮೊಣಕಾಲು, ಹರಡು ಈ ಮೂರರ ನಡುಬಿಂದು ಸೇರಿಸಿದರೆ ಸಿಗುವ ಕೋನ ನೆಟ್ಟಗಿನ ಕಾಲಿನಲ್ಲಿ 180 ಡಿಗ್ರಿ. ಎರಡು ಮೂರು ಡಿಗ್ರಿ ಆಚೆ ಈಚೆ ಇದ್ದರೆ ಅದನ್ನು ರೋಗ ಎನ್ನಲಾಗದು. ಆರೋಗ್ಯವಂತರಲ್ಲೂ ಅಷ್ಟು ಇರುತ್ತದೆ.

ಮೊಣಕಾಲಿನ ಚಿಕ್ಕ ಎಕ್ಸ್‌ರೇ ಯಾಕೆ ಸಾಲದು ಎಂಬುದಕ್ಕೆ ಕಾರಣ ಇಲ್ಲೇ ಇದೆ. ತೊಡೆ ಎಲುಬಿನ ಉದ್ದಕ್ಕೂ ನಡುವೆ ಗೆರೆ ಎಳೆದರೆ, ಭಾರ ಇಳಿಯುವ ಗೆರೆಗೂ ಅದಕ್ಕೂ ಸುಮಾರು 5 ರಿಂದ 7 ಡಿಗ್ರಿ ವ್ಯತ್ಯಾಸ ಬರುತ್ತದೆ. ಚಿಕ್ಕ ಎಕ್ಸ್‌ರೇಯಲ್ಲಿ ಸೊಂಟದ ಗುಂಡೇ ಕಾಣುವುದಿಲ್ಲ. ಆಗ ಆ ವ್ಯತ್ಯಾಸವನ್ನು ಅಂದಾಜಿನಲ್ಲಿ ಹಿಡಿಯಬೇಕಾಗುತ್ತದೆ. ತೊಡೆ ಎಲುಬು ಹಳೆಯ ಪೆಟ್ಟಿನಿಂದ ಬಾಗಿದ್ದರೆ ಆ ಅಂದಾಜು ಪೂರ್ತಿ ತಪ್ಪುತ್ತದೆ.

ಮೊದಲು ನಿಂತ ಚಿತ್ರ

ಎಲ್ಲ ಅಳತೆಗೂ ಇದೇ ಬುನಾದಿ. ಚೀಟಿಯಲ್ಲಿ "ನಿಂತು, ಎರಡೂ ಕಾಲು, ಸೊಂಟದಿಂದ ಹರಡಿನವರೆಗೆ" ಎಂಬುದು ಸ್ಪಷ್ಟವಾಗಿ ಇದೆಯೇ ನೋಡಿಕೊಳ್ಳಿ. ಕೇಂದ್ರಕ್ಕೆ ಹೋಗುವ ಮೊದಲೇ ಫೋನ್ ಮಾಡಿ, ಇಡೀ ಕಾಲಿನ ನಿಂತ ಚಿತ್ರ ತೆಗೆಯುತ್ತೀರಾ ಎಂದು ಕೇಳಿ. ಇದಕ್ಕೆ ಎಕ್ಸ್‌ರೇ ಟ್ಯೂಬ್ ಸುಮಾರು 3 ಮೀಟರ್ ದೂರದಲ್ಲಿ ಇರಬೇಕು. ಚಿಕ್ಕ ಕೋಣೆಯಲ್ಲಿ ಅಷ್ಟು ಜಾಗ ಸಿಗುವುದಿಲ್ಲ. ಈಗಿನ ಡಿಜಿಟಲ್ ಯಂತ್ರಗಳು ಎರಡು ಮೂರು ಚಿತ್ರ ತೆಗೆದು ಒಂದಕ್ಕೊಂದು ಜೋಡಿಸುತ್ತವೆ. ಆ ನಡುವೆ ರೋಗಿ ಅಲುಗಾಡಿದರೆ ಜೋಡಣೆಯ ಜಾಗದಲ್ಲಿ ಎಲುಬು ಮೆಟ್ಟಿಲಿನಂತೆ ಮುರಿದು ಕಾಣುತ್ತದೆ. ಅಂಥ ಚಿತ್ರ ಅಳತೆಗೆ ಬಾರದು. ಮತ್ತೆ ತೆಗೆಸಿಕೊಳ್ಳಿ.

ತಯಾರಿ ಸುಲಭ. ಸೊಂಟದ ಸುತ್ತ ಲೋಹ ಇರಬಾರದು. ಬೆಳ್ಳಿ ಉಡದಾರ, ಕೀಲಿಗೊಂಚಲು, ಕಿಸೆಯ ನಾಣ್ಯ, ಚಂಚಿಯೊಳಗಿನ ಸುಣ್ಣದ ಡಬ್ಬಿ ಎಲ್ಲ ತೆಗೆದಿಡಬೇಕು. ಅವು ಸರಿಯಾಗಿ ಸೊಂಟದ ಗುಂಡಿನ ಮೇಲೆಯೇ ಬೀಳುತ್ತವೆ! ಕಾಲಗೆಜ್ಜೆ, ಕಡಗ ಹರಡಿನ ಮೇಲೆ ಬರುತ್ತವೆ, ಅವೂ ಬೇಡ. ಕಾಲುಂಗುರ ಸಾಮಾನ್ಯವಾಗಿ ಅಡ್ಡ ಬರುವುದಿಲ್ಲ. ತೆಗೆಯಲು ಹಿರಿಯ ಹೆಣ್ಣುಮಕ್ಕಳು ಹಿಂಜರಿದರೆ ಬಲವಂತ ಮಾಡಬೇಡಿ, ಒಮ್ಮೆ ತಂತ್ರಜ್ಞರನ್ನು ಕೇಳಿ. ಜರಿ ಸೀರೆ, ಧೋತರದ ಬದಲು ಆಸ್ಪತ್ರೆಯ ಗೌನ್ ಹಾಕಿಕೊಳ್ಳುವುದು ಒಳ್ಳೆಯದು. ಸೀರೆಯಡಿ ಮೊಣಕಾಲು ಯಾವ ಕಡೆ ತಿರುಗಿದೆ ಎಂದು ತಂತ್ರಜ್ಞರಿಗೆ ಕಾಣಲೇಬೇಕು.

ಇನ್ನು ನಿಲ್ಲುವ ಭಂಗಿ. ಇಡೀ ಲೇಖನದಲ್ಲಿ ಒಂದೇ ಸಾಲು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ: ಮೊಣಕಾಲ ಚಿಪ್ಪು ಯಂತ್ರದ ಕಡೆ ನೇರ ಮುಖ ಮಾಡಿರಬೇಕು. ಪಾದ ಅಲ್ಲ, ಚಿಪ್ಪು. ಬಹಳ ಕಡೆ "ಪಾದ ಜೋಡಿಸಿ ನೆಟ್ಟಗ ನಿಲ್ರಿ" ಎನ್ನುತ್ತಾರೆ. ಕಾಲು ತಿರುಚಿರುವವರು ಪಾದ ಜೋಡಿಸಿದರೆ ಮೊಣಕಾಲು ಒಳಗೋ ಹೊರಗೋ ತಿರುಗಿಬಿಡುತ್ತದೆ. ಆಗ ಇಲ್ಲದ ಡೊಂಕು ಚಿತ್ರದಲ್ಲಿ ಕಾಣಬಹುದು, ಇರುವ ಡೊಂಕು ಮರೆಯಾಗಬಹುದು. ಮೊಣಕಾಲು ಪೂರ್ತಿ ಚಾಚಲು ಬಾರದವರಲ್ಲಿ ಈ ತಪ್ಪು ಇನ್ನೂ ಜಾಸ್ತಿ. ಮಡಚಿದ ಮೊಣಕಾಲು ಸ್ವಲ್ಪ ತಿರುಗಿದರೂ ಮುಂದಿನಿಂದ ನೋಡಿದಾಗ ಬಾಗಿದಂತೆಯೇ ಕಾಣುತ್ತದೆ. ಪಾದ ಎತ್ತಲಾದರೂ ತಿರುಗಿರಲಿ, ಚಿಪ್ಪು ಮುಂದಕ್ಕಿರಲಿ.

ಎರಡೂ ಕಾಲಿನ ಮೇಲೆ ಸಮ ಭಾರ ಹಾಕಬೇಕು. ನೋವಿರುವ ಕಾಲನ್ನು ಎತ್ತಿ ಹಿಡಿಯುವುದು ಎಲ್ಲರ ಸ್ವಭಾವ. ಆದರೆ ಭಾರ ಬೀಳದ ಕಾಲಿನ ಚಿತ್ರ ತೆಗೆಯುವುದೂ ಒಂದೇ, ಮಲಗಿಸಿ ತೆಗೆಯುವುದೂ ಒಂದೇ. ಹಿಡಿಕೆ ಹಿಡಿದು ನಿಂತರೂ ಸರಿ, ಭಾರ ಕಾಲಿಗೇ ಬೀಳಲಿ. ಒಂದು ಕಾಲು ಗಿಡ್ಡವಿದ್ದರೆ ಅದರ ಕೆಳಗೆ ಕಟ್ಟಿಗೆಯ ಹಲಗೆ ಇಟ್ಟು ಸೊಂಟ ಸಮ ಮಾಡುತ್ತಾರೆ. ಹಲಗೆ ಎಷ್ಟು ದಪ್ಪ ಎಂಬುದನ್ನು ಚಿತ್ರದ ಮೇಲೆ ಬರೆಸಿ. ಬೀಳುವ ಭಯವಿದ್ದು ಯಾರಾದರೂ ಹಿಡಿದುಕೊಳ್ಳಲೇಬೇಕಾದರೆ ಸೀಸದ ಏಪ್ರನ್ ಕೇಳಿ ಹಾಕಿಕೊಳ್ಳಿ. ಬಸುರಿ ಸೊಸೆಯೋ ಮಗಳೋ ಆ ಕೋಣೆಯೊಳಗೆ ನಿಲ್ಲಬಾರದು.

ಚಿತ್ರ ಬಂದ ಮೇಲೆ ಹೊರಡುವ ಮುಂಚೆ ಪರದೆಯ ಮೇಲೆ ತೋರಿಸಿ ಎಂದು ಕೇಳಿ. ಯಾರೂ ಬೈಯುವುದಿಲ್ಲ. ಎರಡೂ ಸೊಂಟದ ಗುಂಡು ಪೂರ್ತಿ ಇವೆಯೇ, ಎರಡೂ ಹರಡು ಇವೆಯೇ, ಚಿಪ್ಪು ತೊಡೆ ಎಲುಬಿನ ನಡುವೆ ಕೂತಿದೆಯೇ, ಇಷ್ಟು ನಿಮ್ಮ ಕಣ್ಣಿಗೇ ತಿಳಿಯುತ್ತದೆ. (ಚಿಪ್ಪೇ ಜಾಗ ತಪ್ಪಿದವರಲ್ಲಿ ಈ ಗುರುತು ನಡೆಯದು. ಅಲ್ಲಿ ಮೊಣಕಾಲ ಕೀಲನ್ನೇ ನೋಡಿ ನಿಲ್ಲಿಸಬೇಕು.) ಎಕ್ಸ್‌ರೇಯಲ್ಲಿ ಎಲುಬು ನಿಜಕ್ಕಿಂತ ದೊಡ್ಡದಾಗಿ ಬೀಳುತ್ತದೆ. ಡಿಗ್ರಿಗೆ ಅದರಿಂದ ತೊಂದರೆಯಿಲ್ಲ. ಆದರೆ ಮಿಲಿಮೀಟರ್ ಅಳತೆ ಕೆಡುತ್ತದೆ. ಅದಕ್ಕೆ ಎಲುಬಿನ ಮಟ್ಟದಲ್ಲಿ 25 ಮಿಲಿಮೀಟರಿನ ಲೋಹದ ಗುಂಡು ಇಟ್ಟು ಚಿತ್ರ ತೆಗೆಯುವ ರೂಢಿ ಇದೆ. ಡಾಕ್ಟರು ಕೇಳಿದ್ದರೆ ನೆನಪಿಸಿ.

ತ್ರೀಡಿ ಯಾರಿಗೆ, ಯಾಕೆ

ಮುಂದಿನಿಂದ ತೆಗೆದ ಚಿತ್ರದಲ್ಲಿ ಎಷ್ಟೇ ಚೆನ್ನಾಗಿ ನಿಂತರೂ ಕಾಣದ ವಿಷಯ ಒಂದಿದೆ. ಅದು ತಿರುಚು. ತೊಡೆ ಎಲುಬು ತನ್ನ ಉದ್ದದಲ್ಲೇ ಸ್ವಲ್ಪ ತಿರುಚಿರುತ್ತದೆ. ದೊಡ್ಡವರಲ್ಲಿ ಅದರ ಮೇಲ್ಭಾಗ ಸುಮಾರು 15 ಡಿಗ್ರಿ ಮುಂದಕ್ಕೆ ನೋಡುತ್ತದೆ. ಕೆಳಕಾಲಿನ ಎಲುಬು ಹೊರಕ್ಕೆ ತಿರುಗಿರುತ್ತದೆ. ಇದನ್ನು ಅಳೆಯಲು ಸೊಂಟ, ಮೊಣಕಾಲು, ಹರಡು ಮೂರನ್ನೂ ಅಡ್ಡಡ್ಡ ಸ್ಲೈಸ್‌ಗಳಲ್ಲಿ ನೋಡಬೇಕು. ಸಿಟಿ ಮಾಡುವುದು ಅದನ್ನೇ.

ಬೈಕ್ ಅಪಘಾತದಲ್ಲಿ ತೊಡೆ ಮುರಿದು ರಾಡ್ ಹಾಕಿಸಿಕೊಂಡವರನ್ನೇ ತಗೊಳ್ಳಿ. ಎಲುಬು ಕೂಡಿದೆ, ಎಕ್ಸ್‌ರೇಯಲ್ಲಿ ನೆಟ್ಟಗಿದೆ, ಆದರೆ ನಡೆದರೆ ಪಾದ ಹೊರಗೆ ತಿರುಗುತ್ತದೆ. ಎಲುಬು ತಿರುಗಿದ ಜಾಗದಲ್ಲೇ ಕೂಡಿಕೊಂಡಿರುತ್ತದೆ. ಸಿಟಿಯಲ್ಲಿ ಎರಡೂ ತೊಡೆ ಹೋಲಿಸಿ ನೋಡುತ್ತಾರೆ. 15 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಸಾಮಾನ್ಯವಾಗಿ ಅದನ್ನು ತಪ್ಪು ತಿರುವು ಎಂದು ಎಣಿಸುತ್ತಾರೆ. ಇಂಥವರಿಗೆ ಸಿಟಿ ಬೇಕೇ ಬೇಕು, ಅದೂ ಎರಡೂ ಕಾಲಿಗೆ.

ಮೊಣಕಾಲು ಬದಲಿಸುವವರಲ್ಲಿ ಎಲ್ಲರಿಗೂ ಬೇಕಿಲ್ಲ. ಸಾದಾ ವಿಧಾನದಲ್ಲಿ ಮಾಡುವಾಗ ಒಳ್ಳೆಯ ನಿಂತ ಚಿತ್ರದ ಮೇಲೆಯೇ ಅನುಭವಿ ಸರ್ಜನ್ ಯೋಜನೆ ಮಾಡುತ್ತಾರೆ. ರೋಬೋಟ್ ಸಹಾಯದ ಆಪರೇಷನ್ ಆದರೆ ಅದು ಯಾವ ರೋಬೋಟ್ ಎಂದು ಕೇಳಿ. ಸ್ಟ್ರೈಕರ್ ಕಂಪನಿಯ ಮೇಕೋ ಸಿಟಿಯಿಂದ ಕಟ್ಟಿದ ತ್ರೀಡಿ ಮಾದರಿಯ ಮೇಲೆ ಕೆಲಸ ಮಾಡುತ್ತದೆ. ಸ್ಮಿತ್ ಆಂಡ್ ನೆಫ್ಯೂ ಕಂಪನಿಯ ಕೋರಿಗೆ ಸಿಟಿ ಬೇಕಿಲ್ಲ. ಅದರಲ್ಲಿ ಆಪರೇಷನ್ ಹೊತ್ತಿನಲ್ಲೇ ಎಲುಬಿನ ಮೇಲ್ಮೈ ಮುಟ್ಟಿ ಮಾದರಿ ಕಟ್ಟುತ್ತಾರೆ. ಇದು ಗೊತ್ತಿದ್ದರೆ ಬೇಡದ ಸ್ಕ್ಯಾನ್ ಒಂದು ಉಳಿಯುತ್ತದೆ. ರೋಗಿಯ ಎಲುಬಿಗೇ ಹೊಂದುವ ಕೊಯ್ಯುವ ಅಚ್ಚನ್ನು ತ್ರೀಡಿ ಪ್ರಿಂಟ್ ಮಾಡಿಸುವುದಾದರೆ ಸಿಟಿ ಅಥವಾ ಎಂಆರ್‌ಐ ಬೇಕು.

ಸಿಟಿ ಮಾಡಿಸುವಾಗ ನೋವಿಲ್ಲ, ಸೂಜಿಯಿಲ್ಲ. ಕಾಲಿನ ಅಳತೆಗೆ ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಎದ್ದು ಕಾಣಲು ಕೊಡುವ ಔಷಧಿ) ಬೇಕಿಲ್ಲ. ಹಾಗಾಗಿ ಇದಕ್ಕಾಗಿ ಉಪವಾಸ ಬರುವ ಅಗತ್ಯವೂ ಇಲ್ಲ. ಬೇಕಾದ್ದು ಒಂದೇ: ಸೊಂಟದ ಸ್ಲೈಸ್ ಶುರುವಾದಾಗಿನಿಂದ ಹರಡಿನದು ಮುಗಿಯುವವರೆಗೆ ಕಾಲು ಕದಲಬಾರದು. ನಡುವೆ ಪಾದ ಸ್ವಲ್ಪ ಹೊರಳಿದರೂ ತಿರುಚಿನ ಲೆಕ್ಕ ಪೂರ್ತಿ ಸುಳ್ಳಾಗುತ್ತದೆ. ಅದಕ್ಕೇ ಪಾದಗಳನ್ನು ಪಟ್ಟಿ ಹಾಕಿ ಕಟ್ಟುತ್ತಾರೆ. ಕೆಲವು ವಿಧಾನಗಳಲ್ಲಿ ಕಾಲಿನ ಉದ್ದಕ್ಕೂ ಒಂದು ಸರಳು ಇಡುತ್ತಾರೆ. ಕಾಲು ಕದಲಿದ್ದರೆ ಚಿತ್ರದಲ್ಲಿ ಆ ಸರಳೂ ಕದಲಿರುತ್ತದೆ, ಆಗ ಸ್ಕ್ಯಾನ್ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಹಳೆಯ ಪ್ಲೇಟ್, ರಾಡ್, ಸ್ಕ್ರೂ ಒಳಗಿದ್ದರೆ ಮೊದಲೇ ಹೇಳಿ. ಲೋಹದ ಸುತ್ತ ಚಿತ್ರದಲ್ಲಿ ಗೀರು ಬೀಳುತ್ತವೆ. ಅದನ್ನು ತಗ್ಗಿಸುವ ಸೆಟ್ಟಿಂಗ್ ಇರುತ್ತದೆ.

ವಿಕಿರಣದ ಭಯ ಬಹಳ ಜನಕ್ಕಿದೆ. ಸುಮ್ನೆ ಬೆಳಗಾವಿಯಲ್ಲಿ ಕೂತಿದ್ದರೂ ಮಣ್ಣು, ಗಾಳಿ, ಆಕಾಶದಿಂದ ನಮಗೆ ವಿಕಿರಣ ತಾಗುತ್ತಲೇ ಇರುತ್ತದೆ. ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಕಾಲಿನ ಸಿಟಿಯಲ್ಲಿ ತಾಗುವುದು ಕೆಲವು ಮಿಲಿಸೀವರ್ಟ್. ಅದರಲ್ಲಿ ಹೆಚ್ಚಿನ ಪಾಲು ಸೊಂಟದ ಭಾಗದ್ದು, ಕಿಬ್ಬೊಟ್ಟೆಯ ಅಂಗಗಳು ಅಲ್ಲಿರುವುದರಿಂದ. ಮೊಣಕಾಲು, ಹರಡಿನದು ತೀರಾ ಕಡಿಮೆ. ಇಡೀ ಕಾಲನ್ನು ಒಂದೇ ಸಮ ಸ್ಕ್ಯಾನ್ ಮಾಡದೆ ಬೇಕಾದ ಮೂರು ಕಡೆ ಮಾತ್ರ ಮಾಡುವುದು ಇದೇ ಕಾರಣಕ್ಕೆ. ಅರವತ್ತು ದಾಟಿದವರಿಗೆ ನನ್ನ ಮಾತು: ಡಾಕ್ಟರು ಬೇಕೆಂದರೆ ಹೆದರದೆ ಮಾಡಿಸಿ. ಬಸುರಿ ಇರುವ ಸಾಧ್ಯತೆ ಇದ್ದರೆ ಮಾತ್ರ ಮೊದಲೇ ಹೇಳಲೇಬೇಕು.

ನಿಂತೇ ತ್ರೀಡಿ ತೆಗೆಯುವ ಯಂತ್ರವೂ ಇದೆ. ಈಒಎಸ್ ಎನ್ನುತ್ತಾರೆ. ಮುಂದಿನಿಂದ ಮತ್ತು ಪಕ್ಕದಿಂದ ಒಟ್ಟಿಗೇ ಎರಡು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಎಲುಬಿನ ತ್ರೀಡಿ ಮಾದರಿ ಕಟ್ಟುತ್ತದೆ. ವಿಕಿರಣವೂ ಕಡಿಮೆ. ಇದರ ಬೇರು ಜಾರ್ಜ್ ಶಾರ್ಪಕ್ ಎಂಬ ಭೌತವಿಜ್ಞಾನಿಯ ಕೆಲಸದಲ್ಲಿದೆ. ಕಣಗಳನ್ನು ಹಿಡಿಯುವ ಸೂಕ್ಷ್ಮ ಸಾಧನ ಕಟ್ಟಿದ್ದಕ್ಕೆ ಅವರಿಗೆ 1992ರಲ್ಲಿ ನೊಬೆಲ್ ಬಂತು. ಯಂತ್ರ ದುಬಾರಿ, ಎಲ್ಲ ಊರಲ್ಲೂ ಸಿಗುವುದಿಲ್ಲ. ಅದಿಲ್ಲ ಎಂದು ಆಪರೇಷನ್ ಮುಂದೂಡಬೇಕಿಲ್ಲ. ಒಳ್ಳೆಯ ನಿಂತ ಎಕ್ಸ್‌ರೇ ಮತ್ತು ಒಳ್ಳೆಯ ಸಿಟಿ ಎರಡೂ ಕೂಡಿದರೆ ಕೆಲಸ ಪೂರ್ತಿ ಆಗುತ್ತದೆ.

ಫಿಲ್ಮ್ ಅಷ್ಟೇ ಸಾಲದು, ಡೇಟಾ ಕೇಳಿ

ಇಲ್ಲಿ ಜನ ಬಹಳ ಹಣ ಕಳೆದುಕೊಳ್ಳುತ್ತಾರೆ. ವಿಜಯಪುರದಲ್ಲಿ ಸ್ಕ್ಯಾನ್ ಮಾಡಿಸಿ, ಎರಡನೇ ಅಭಿಪ್ರಾಯಕ್ಕೆ ಸೊಲ್ಲಾಪುರಕ್ಕೋ ಮಿರಜಕ್ಕೋ ಹುಬ್ಬಳ್ಳಿಗೋ ಹೋಗುತ್ತಾರೆ. ಅಲ್ಲಿ ಫಿಲ್ಮ್ ತೋರಿಸಿದರೆ "ಇದರಲ್ಲಿ ಅಳೆಯಲಾಗದು, ಮತ್ತೆ ಮಾಡಿಸಿ" ಎನ್ನುತ್ತಾರೆ. ಆ ಡಾಕ್ಟರ ಮಾತು ಸರಿಯೇ. ಫಿಲ್ಮಿನ ಮೇಲೆ ಇರುವುದು ಆಯ್ದ ಕೆಲವು ಚಿತ್ರ. ಅದರ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರಂತೂ ಅಳತೆ ಮಾಡುವ ಮಾತೇ ಇಲ್ಲ.

ಕೇಳಬೇಕಾದ್ದು ಡೈಕಾಮ್ ಡೇಟಾ, ಅಂದರೆ ಯಂತ್ರ ತೆಗೆದ ಮೂಲ ಚಿತ್ರಗಳ ಫೈಲ್. ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಡುತ್ತಾರೆ. ಅದರಲ್ಲಿ ಪ್ರತಿ ಚಿತ್ರದ ಜೊತೆ ಅಳತೆಯ ಮಾಹಿತಿಯೂ ಇರುತ್ತದೆ. "ತೆಳು ಸ್ಲೈಸ್ ಹಾಕಿ ಕೊಡಿ" ಎಂದೂ ಹೇಳಿ. ತ್ರೀಡಿ ಮಾದರಿಗೆ ಸಾಮಾನ್ಯವಾಗಿ 1 ಮಿಲಿಮೀಟರ್ ಅಥವಾ ಅದಕ್ಕಿಂತ ತೆಳು ಸ್ಲೈಸ್ ಬೇಕು. ದಪ್ಪ ಸ್ಲೈಸ್‌ನಿಂದ ಕಟ್ಟಿದ ಎಲುಬು ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಕೆಲವು ಕೇಂದ್ರಗಳಲ್ಲಿ ಜಾಗ ಉಳಿಸಲು ತೆಳು ಸ್ಲೈಸ್‌ಗಳನ್ನು ಕೆಲ ದಿನಕ್ಕೇ ಅಳಿಸುತ್ತಾರೆ. ಅದಕ್ಕೆ ಅದೇ ದಿನ ಕೇಳಿ ತಗೊಳ್ಳಿ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ತ್ರೀಡಿ ಸ್ಲೈಸರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ಫೈಲ್ ಸರಿ ಇದೆಯೇ ನೋಡಬಹುದು. ಕಾಲೇಜಿಗೆ ಹೋಗುವ ಮೊಮ್ಮಗ ಅರ್ಧ ಗಂಟೆಯಲ್ಲಿ ಕಲಿಯುತ್ತಾನೆ. ಅಳತೆ ಮಾತ್ರ ಡಾಕ್ಟರೇ ಮಾಡಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಆಪರೇಷನ್ ಮಾಡಿಸುವವರು ಹೊರಗೆ ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸುವ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರನ್ನು ಕೇಳಿ ಮುಂದುವರಿಯಿರಿ.

ರಿಪೋರ್ಟ್ ಓದುವುದು

ರಿಪೋರ್ಟಿನಲ್ಲಿ ನಾಲ್ಕು ಅಂಕಿ ಹುಡುಕಿ. ಮೊದಲನೆಯದು ಎಚ್‌ಕೆಎ, ಆಗಲೇ ಹೇಳಿದ 180ರ ಕೋನ. ಎರಡನೆಯದು ಎಲ್‌ಡಿಎಫ್‌ಎ, ತೊಡೆ ಎಲುಬಿನ ಕೆಳತುದಿಯ ಕೋನ. ಮೂರನೆಯದು ಎಂಪಿಟಿಎ, ಕೆಳಕಾಲಿನ ಎಲುಬಿನ ಮೇಲ್ತುದಿಯ ಕೋನ. ಇವೆರಡೂ ಸಾಮಾನ್ಯವಾಗಿ 87ರ ಆಸುಪಾಸು, 85 ರಿಂದ 90ರ ಒಳಗೆ. ನಾಲ್ಕನೆಯದು ಜೆಎಲ್‌ಸಿಎ, ಕೀಲಿನ ಮೇಲಿನ ಮತ್ತು ಕೆಳಗಿನ ಎಲುಬಿನ ನಡುವೆ ತೆರೆದುಕೊಂಡ ಕೋನ. ಸರಿಯಾದ ಕೀಲಿನಲ್ಲಿ ಅದು 0 ರಿಂದ 2.

ಇವು ಒಂದಕ್ಕೊಂದು ಕೂಡುವ ಲೆಕ್ಕ ಸರಳ. ಹೊರಗೆ ಬಾಗಿದ ಕಾಲೊಂದರ ನಿಂತ ಚಿತ್ರದಲ್ಲಿ ತೊಡೆ ಎಲುಬಿನ ಕೋನ 88, ಕೆಳಕಾಲಿನದು 82, ಕೀಲಿನ ತೆರವು 4 ಎಂದುಕೊಳ್ಳಿ. 88ರಲ್ಲಿ 82 ಕಳೆದರೆ 6. ಅದಕ್ಕೆ 4 ಕೂಡಿಸಿದರೆ ಒಟ್ಟು ಡೊಂಕು 10 ಡಿಗ್ರಿ. ಎಚ್‌ಕೆಎ 170 ಬರುತ್ತದೆ. ಅದೇ ಕಾಲನ್ನು ಸಿಟಿಯಲ್ಲಿ ಮಲಗಿಸಿದಾಗ ಎಲುಬಿನ ಕೋನಗಳು ಬದಲಾಗುವುದಿಲ್ಲ, 88 ಮತ್ತು 82 ಹಾಗೇ ಇರುತ್ತವೆ. ಭಾರ ತೆಗೆದಿದ್ದರಿಂದ ಕೀಲಿನ ತೆರವು ಮಾತ್ರ 4ರಿಂದ 2ಕ್ಕೆ ಇಳಿಯಿತು ಎನ್ನಿ. ಈಗ ಡೊಂಕು 8, ಎಚ್‌ಕೆಎ 172. ಎರಡೂ ಚಿತ್ರ ಸರಿ. ನಡುವಿನ 2 ಡಿಗ್ರಿ ಎಲುಬಿನದಲ್ಲ, ಸವೆದ ಕೀಲು ಮತ್ತು ಅದನ್ನು ಹಿಡಿದಿಡುವ, ಈಗ ಸಡಿಲಾದ ಕಟ್ಟುಗಳದ್ದು (ಲಿಗಮೆಂಟ್).

ಇದು ಯಾಕೆ ಮುಖ್ಯ ಅಂದರೆ, ಕೆಳಕಾಲಿನ ಎಲುಬು ಕೊಯ್ದು ನೆಟ್ಟಗೆ ಮಾಡುವ ಎಚ್‌ಟಿಒ ಆಪರೇಷನ್‌ನಲ್ಲಿ ಸರ್ಜನ್ ತಿದ್ದುವುದು ಎಲುಬನ್ನು. ನಿಂತ ಚಿತ್ರದ 10 ಡಿಗ್ರಿಯನ್ನೂ ಎಲುಬಿನಲ್ಲೇ ತಿದ್ದಿದರೆ, ಗೆರೆ ಹೊರಬದಿಗೆ ಹೋದ ಮೇಲೆ ಕೀಲಿನ ತೆರವೂ ಮುಚ್ಚಿಕೊಳ್ಳುತ್ತದೆ. ಆಗ ಕಾಲು ಬೇಕಾದ್ದಕ್ಕಿಂತ ಜಾಸ್ತಿ ಆ ಕಡೆ ಹೋಗಿಬಿಡುತ್ತದೆ. ಕೊಯ್ದ ಎಲುಬಿನ ಸಂದು ತೆರೆಯುವಾಗ ಒಂದು ಡಿಗ್ರಿಗೆ ಸುಮಾರು ಒಂದು ಮಿಲಿಮೀಟರಿನಷ್ಟೇ, ಎಲುಬು ಅಗಲವಿದ್ದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ಆ 2 ಡಿಗ್ರಿ ಎಂದರೆ ಸುಮಾರು ಎರಡು ಮಿಲಿಮೀಟರಿನ ಮಾತು! ಮಲಗಿದ ಚಿತ್ರ ಒಂದನ್ನೇ ನಂಬಿದರೂ ತೊಂದರೆ, ನಿಂತ ಚಿತ್ರದ ಒಟ್ಟು ಅಂಕಿಯನ್ನೇ ನಂಬಿದರೂ ತೊಂದರೆ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಎಲುಬಿನ ಪಾಲೆಷ್ಟು, ಕೀಲಿನ ಪಾಲೆಷ್ಟು ಎಂದು ಬಿಡಿಸಬಹುದು.

ಈ ಆಪರೇಷನ್‌ನಲ್ಲಿ ಭಾರದ ಗೆರೆಯನ್ನು ಎಲ್ಲಿಗೆ ತರಬೇಕು ಎಂಬುದಕ್ಕೂ ಅಳತೆ ಇದೆ. ಮೊಣಕಾಲಿನ ಒಳ ಅಂಚು 0, ಹೊರ ಅಂಚು 100 ಎಂದರೆ, ಸಾಮಾನ್ಯವಾಗಿ 50 ರಿಂದ 62ರ ನಡುವೆ ಎಲ್ಲೋ ನಿಲ್ಲಿಸುತ್ತಾರೆ. ನಿಮ್ಮ ಡಾಕ್ಟರು ಎಷ್ಟು ಇಟ್ಟುಕೊಂಡಿದ್ದಾರೆ, ಯಾಕೆ ಎಂದು ಕೇಳಿ.

ಮಕ್ಕಳ ಕಾಲು ಬೇರೆ ಲೆಕ್ಕ

ನಡೆಯಲು ಕಲಿಯುವ ಮಗುವಿನ ಕಾಲು ಬಿಲ್ಲಿನಂತೆ ಇರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಮೊಣಕಾಲು ತಾಗುವುದೂ ಸಹಜ. ಏಳು ವರ್ಷದ ಹೊತ್ತಿಗೆ ದೊಡ್ಡವರ ಆಕಾರಕ್ಕೆ ಬರುತ್ತದೆ. ಅದರ ಮೇಲೂ ಡೊಂಕು ಹೆಚ್ಚುತ್ತಿದ್ದರೆ, ಒಂದೇ ಕಾಲಿಗಿದ್ದರೆ, ನೋವಿದ್ದರೆ ತೋರಿಸಿ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಜೊತೆ ಕ್ಯಾಲ್ಸಿಯಂ ಕೊರತೆಯೂ ಸೇರಿದರೆ ಬೆಳೆಯುವ ಮಕ್ಕಳ ಕಾಲು ಬಾಗುತ್ತದೆ. ಅಂಥ ಊರಿನವರು ರಕ್ತದ ಜೊತೆ ಮನೆಯ ನೀರನ್ನೂ ಪರೀಕ್ಷೆ ಮಾಡಿಸಬೇಕು.

ಮಕ್ಕಳಿಗೆ ಬಹುತೇಕ ನಿಂತ ಎಕ್ಸ್‌ರೇಯೇ ಸಾಕು. ತಿರುಚು ಅಳೆಯಲೇಬೇಕಾದಾಗ ಮಾತ್ರ ಸಿಟಿ. ಎಲುಬು ಇನ್ನೂ ಬೆಳೆಯುತ್ತಿರುವಾಗಲೇ ಬಂದರೆ ಬೆಳವಣಿಗೆಯ ಪಟ್ಟಿಯ (ಎಲುಬು ಉದ್ದವಾಗುವ ತುದಿಯ ಭಾಗ) ಒಂದು ಬದಿಗೆ ಚಿಕ್ಕ ಪ್ಲೇಟ್ ಹಾಕಿ, ಬೆಳೆಯುತ್ತಲೇ ಕಾಲು ನೆಟ್ಟಗಾಗುವಂತೆ ಮಾಡಬಹುದು. ಎಲುಬು ಕೊಯ್ಯುವ ಪ್ರಮೇಯವೇ ಬರದಿರಬಹುದು. ಆದ್ದರಿಂದ ಹತ್ತನೇ ತರಗತಿ ಮುಗಿಯಲಿ, ಆಮೇಲೆ ನೋಡೋಣ ಎಂದು ದಯವಿಟ್ಟು ಮುಂದೂಡಬೇಡಿ. ಆಗ ಬೆಳವಣಿಗೆಯೇ ಮುಗಿಯುತ್ತಾ ಬಂದಿರುತ್ತದೆ, ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ.

ಡಾಕ್ಟರ ಮುಂದೆ ಕೂತಾಗ

ಹೊಸ ನಿಂತ ಚಿತ್ರ, ಸಿಟಿ ಡೇಟಾ, ಹಳೆಯ ಎಕ್ಸ್‌ರೇ, ಹಿಂದಿನ ಆಪರೇಷನ್ ಕಾಗದ ಎಲ್ಲ ಒಂದೇ ಚೀಲದಲ್ಲಿರಲಿ. ಬೆಳಗಾವಿಯ ಕೆಎಲ್‌ಇ ಅಥವಾ ಬಿಮ್ಸ್, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇಯಂಥ ದೊಡ್ಡ ಕಡೆ ಒಪಿಡಿಯಲ್ಲಿ ಡಾಕ್ಟರಿಗೆ ಸಿಗುವ ಹೊತ್ತು ಕಡಿಮೆ. ಕೇಳುವುದನ್ನು ಮೊದಲೇ ಬರೆದುಕೊಂಡು ಹೋಗಿ. ಡೊಂಕು ತೊಡೆ ಎಲುಬಿನಲ್ಲೋ ಕೆಳಕಾಲಿನಲ್ಲೋ ಕೀಲಿನಲ್ಲೋ? ತಿರುಚು ಇದೆಯೇ? ಎಷ್ಟು ಡಿಗ್ರಿ ತಿದ್ದುತ್ತೀರಿ? ನೋವು ಬೇರೆ ಕಡೆಯಿಂದ ಬಂದಿರಬಹುದೇ, ಬೆನ್ನಿನಿಂದ ಅಥವಾ ಸೊಂಟದಿಂದ? ಇಷ್ಟು ಕೇಳಿದರೆ ಸಾಕು. ಮಾಡುವವರಿಗೆ ಉತ್ತರ ಗೊತ್ತಿರುತ್ತದೆ, ಹೇಳುತ್ತಾರೆ.

ಆಪರೇಷನ್ ಆಗಿ, ಪೂರ್ತಿ ಭಾರ ಹಾಕಿ ನಿಲ್ಲಬಹುದು ಎಂದು ಡಾಕ್ಟರು ಹೇಳಿದ ಮೇಲೆ ಮತ್ತೊಂದು ಇಡೀ ಕಾಲಿನ ನಿಂತ ಚಿತ್ರ ತೆಗೆಸುತ್ತಾರೆ. ತೆಗೆಸದಿದ್ದರೆ ನೀವೇ ಕೇಳಿ. ಸಾಧ್ಯವಾದರೆ ಮೊದಲಿನ ಕೇಂದ್ರದಲ್ಲೇ, ಹಲಗೆ ಇಟ್ಟಿದ್ದರೆ ಮತ್ತೆ ಹಲಗೆ ಇಟ್ಟು, ಚಿಪ್ಪು ಮುಂದೆ ಮಾಡಿ ತೆಗೆಸಿ. ಹಳೆಯ ಚಿತ್ರದ ಪಕ್ಕ ಇದನ್ನಿಟ್ಟು ಅದೇ ನಾಲ್ಕು ಕೋನ ಅಳೆಯಲು ಹೇಳಿ, ಅಂಕಿಗಳನ್ನು ಡಿಸ್ಚಾರ್ಜ್ ಫೈಲಿನಲ್ಲೇ ಬರೆಸಿಕೊಳ್ಳಿ.